ನಮ್ಮತ್ತೆಯ ವಿನಯವೂ ಹನ್ನೆರಡನೆಯ ಕುರ್ಚಿಯೂ

ನರಸಿಂಹರಾಜಪುರದಿಂದ ಶೃಂಗೇರಿಯವರೆಗೆ ಎಲ್ಲಿ ಬೇಕಾದರೂ ಹುಡುಕಿ, ನಮ್ಮತ್ತೆಯಷ್ಟು ವಿನಯವಂತ ಹೆಂಗಸು ನಿಮಗೆ ಸಿಗುವುದಿಲ್ಲ. ಈ ಮಾತು ಹೇಳಿದವರು ಯಾರು ಅಂತೀರಾ? ನಮ್ಮತ್ತೆಯೇ! ಅದೂ ಎಲ್ಲಿ? ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ. ಒಬ್ಬ ದಢೂತಿ ಮನುಷ್ಯ ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದಿದ್ದ. ಅತ್ತೆ ಹತ್ತಿದವರೇ ಆ ಟವೆಲ್ಲನ್ನು ನಾಲ್ಕು ಮಡಿಕೆ ಮಡಚಿ, ಅವನು ಏದುಸಿರು ಬಿಡುತ್ತಾ ಬಂದಾಗ ಕೈಗಿತ್ತು, "ಟವೆಲ್ಲಿಗೆ ಟಿಕೇಟ್ ತಗಂಡಿದೀರಾ?" ಅಂತ ಕೇಳಿದರು. ಆಮೇಲೆ ಕಿಟಕಿಗೆ ಒರಗಿ ಕೂತು ಇಡೀ ಬಸ್ಸಿಗೆ ಕೇಳುವಂತೆ, "ನಾನು ಸಾದಾ ಹೆಂಗ್ಸು ಮಾರಾಯ್ರೇ. ಇಂಥದ್ದೇ ಜಾಗ ಬೇಕು ಅಂತ ಹಟ ಇಲ್ಲ. ನನಗಿಂತ ವಿನಯ ಇದ್ದವ್ರು ಈ ಕಡೆ ಯಾರಾದ್ರೂ ಇದ್ರೆ ತೋರ್ಸಿ, ಕಾಲಿಗೆ ಬೀಳ್ತೀನಿ" ಎಂದರು. ತೋರಿಸುವ ಧೈರ್ಯ ಯಾರಿಗಿತ್ತು? ಟವೆಲ್ಲಿನವನು ಹರಿಹರಪುರದವರೆಗೂ ನಿಂತೇ ಬಂದ.

ನಾನು ಅವರ ಸೊಸೆ. ಭದ್ರಾವತಿ ಕಡೆಯವಳು. ಎಮರ್ಜೆನ್ಸಿ ಮುಗಿದ ಮೇಲೆ ಮದುವೆಯಾಗಿ ನರಸಿಂಹರಾಜಪುರಕ್ಕೆ ಬಂದೆ. ಅತ್ತೆಯ ಮನೆಮಾತು ಕೊಂಕಣಿ. ನನಗೋ, ಊಟಕ್ಕೆ ಕರೆದರೂ ಬೈದರೆಂದು ತಿಳಿಯುವಷ್ಟು ಕೊಂಕಣಿ ಪಾಂಡಿತ್ಯ! ಹಾಗಾಗಿ ನನ್ನನ್ನು ಬೈಯಲಿಕ್ಕೆಂದೇ ಅವರು ತಮ್ಮ ಕನ್ನಡವನ್ನು ಇನ್ನಷ್ಟು ಹರಿತ ಮಾಡಿಕೊಂಡರು. ಮಾವ ಕೊಪ್ಪ–ಶೃಂಗೇರಿ ಬಸ್ಸಿನ ಡ್ರೈವರ್ ಆಗಿದ್ದವರು, ನಾನು ಬರುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ, ಹಿತ್ತಲಲ್ಲಿ ಕೋಳಿಗೂಡು, ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಮಕ್ಕಳಿಗೆ ಉಪದೇಶದ ಕ್ಲಾಸು. ಇಷ್ಟು ಅತ್ತೆಯ ಸಾಮ್ರಾಜ್ಯ. ಇದರಲ್ಲಿ ಮನೆಯನ್ನು ಮಗನಿಗೆ ಬಿಟ್ಟುಕೊಟ್ಟಾರು, ಕೋಳಿಗಳನ್ನು ನನಗೆ ಬಿಟ್ಟುಕೊಟ್ಟಾರು, ಕ್ಲಾಸನ್ನು ಮಾತ್ರ ಪ್ರಾಣ ಹೋದರೂ ಬಿಡುವವರಲ್ಲ. ಮಾವ ತೀರಿಕೊಂಡಾಗ ಹಾಸಿಗೆ ಹಿಡಿದಿದ್ದ ಅತ್ತೆಯನ್ನು ಎಬ್ಬಿಸಿ ಕೂರಿಸಿದ್ದೇ ಆ ಕ್ಲಾಸಂತೆ.

ಆ ಕ್ಲಾಸನ್ನು ನೀವು ನೋಡಬೇಕಿತ್ತು! ಶುರುವಾಗುವುದೇ ಒಂದು ಪ್ರಶ್ನೆಯಿಂದ. "ದೇವರು ನಮ್ಮನ್ನ ಎಂತದ್ರಿಂದ ಮಾಡಿದ್ರು?" ಮಕ್ಕಳೆಲ್ಲ ತಲೆ ತಗ್ಗಿಸಿ ಮೆಲ್ಲಗೆ "ಮಣ್ಣಿಂದ" ಅನ್ನಬೇಕು. "ಆ ಮಣ್ಣು ಕಲಸಿದ್ದು ಯಾರು?" ಈಗ ತಲೆ ಎತ್ತಿ, ಎದೆ ಮುಂದೆ ಮಾಡಿ "ದೇವರು!" ಅಂತ ಕಿರುಚಬೇಕು. ಎಷ್ಟು ಜೋರಾಗಿ? ಇಗರ್ಜಿಯ ಮಾಡಿನ ಮೇಲೆ ಕೂತ ಕಾಗೆಗಳು ಹಾರಬೇಕು. ಹಾರದಿದ್ದರೆ ಇನ್ನೊಮ್ಮೆ! ಹೊರಗೆ ಹೋಗಿ ಕಾಗೆ ಹಾರಿತೋ ಇಲ್ಲವೋ ನೋಡಿ ಬಂದು ವರದಿ ಕೊಡುವುದಕ್ಕೆ ವಾರಕ್ಕೊಬ್ಬರಂತೆ ಪಾಳಿ ಬೇರೆ. "ಮಣ್ಣು ಅನ್ನೋದು ಮಾತ್ರ ಕಲ್ತ್ರೆ ಕುಗ್ಗಿ ಹೋಗ್ತಾವೆ, ಎರಡನೇದು ಮಾತ್ರ ಕಲ್ತ್ರೆ ಕೊಬ್ಬಿ ಹೋಗ್ತಾವೆ. ಎರಡೂ ಒಟ್ಟಿಗೆ ಕಲೀಬೇಕು" ಅನ್ನುವುದು ಅತ್ತೆಯ ವಾದ. ಕಾಗೆಗಳ ವಾದ ಏನಿತ್ತೋ ಯಾರೂ ಕೇಳಲಿಲ್ಲ.

ನಾನು ಬೆಳೆದ ರೀತಿ ಇದಕ್ಕೆ ತದ್ವಿರುದ್ಧ. ತಗ್ಗಿ ಬಗ್ಗಿ ನಡೆದವಳೇ ಸ್ವರ್ಗಕ್ಕೆ ಹೋಗುವವಳು ಅಂತ ನನ್ನ ಅಮ್ಮ ಹೇಳಿಕೊಟ್ಟಿದ್ದಳು. ಮದುವೆಯಾದ ಹೊಸದರಲ್ಲಿ ನೆಂಟರು ಬಂದಾಗ ನಾನು ಮಾಡಿದ ಕೋಳಿಸಾರನ್ನು ಯಾರೋ ಹೊಗಳಿದರು. ನಾನು ಸಂಪ್ರದಾಯದಂತೆ, "ಅಯ್ಯೋ, ಅಷ್ಟೇನೂ ಚೆನ್ನಾಗಿಲ್ಲ ಬಿಡಿ" ಅಂದೆ. ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿ, "ಚೆನ್ನಾಗಿಲ್ಲದ್ದನ್ನ ಎಂತಕ್ಕೆ ಬಡಿಸ್ದೆ ಹುಡುಗಿ? ನನ್ನ ಕೋಳಿ ಸುಮ್ನೆ ಸತ್ತಂಗಾಯ್ತಲ್ಲ!" ಅಂದರು. ಅವತ್ತಿನಿಂದ ಯಾರು ಹೊಗಳಿದರೂ ನಾನು "ಥ್ಯಾಂಕ್ಸ್" ಅಂತ ಮಾತ್ರ ಹೇಳಿ ಒಳಗೆ ಓಡಿಬಿಡುತ್ತಿದ್ದೆ.

ಈಗ ನಮ್ಮ ಇಗರ್ಜಿಯ ಬೆಂಚುಗಳ ವಿಷಯ ಹೇಳಬೇಕು. ಊಟಕ್ಕೆ ಕರೆದಲ್ಲಿ ಹೋಗಿ ಮೊದಲ ಜಾಗದಲ್ಲಿ ಕೂರಬೇಡಿ, ಕೊನೆಯ ಜಾಗದಲ್ಲಿ ಕೂತುಕೊಳ್ಳಿ ಅಂತ ಯೇಸುಸ್ವಾಮಿ ಹೇಳಿದ್ದಾರಲ್ಲ, ನಮ್ಮ ಜನ ಬೇರೆ ಯಾವ ಮಾತನ್ನು ಪಾಲಿಸಿದರೋ ಬಿಟ್ಟರೋ, ಇದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದರು. ಪೂಜೆಗೆ ಅರ್ಧ ಗಂಟೆ ಮೊದಲೇ ಕೊನೆಯ ಬೆಂಚು ಭರ್ತಿ! ಟೆಂಟ್ ಸಿನಿಮಾದಲ್ಲೂ ಹಿಂದಿನ ಸಾಲಿಗೆ ಅಂಥ ನೂಕುನುಗ್ಗಲು ಇರಲಿಲ್ಲ. ತಡವಾಗಿ ಬಂದವರು ಬಾಗಿಲ ಹೊರಗೆ ಚಪ್ಪಲಿಗಳ ನಡುವೆ ನಿಂತಾರೇ ಹೊರತು ಮುಂದೆ ಹೋಗಿ ಕೂರಲಾರರು. ಕೊನೆಯ ಬೆಂಚಿನ ವಿನಯಕ್ಕಾಗಿ ಇಬ್ಬರು ಎಸ್ಟೇಟ್ ಮೇಸ್ತ್ರಿಗಳು ಕೈ ಕೈ ಮಿಲಾಯಿಸಿದ್ದೂ ಒಮ್ಮೆ ಆಗಿದೆ.

ಮುಂದಿನ ಬೆಂಚುಗಳೆಲ್ಲ ಹೀಗೆ ಖಾಲಿ ಹೊಡೆಯುತ್ತಿರುವಾಗ, ಎಲ್ಲಕ್ಕಿಂತ ಮೊದಲನೆಯ ಬೆಂಚಿನ ನಟ್ಟನಡುವೆ ನಮ್ಮತ್ತೆ ಒಬ್ಬರೇ ಕೂತಿರುತ್ತಿದ್ದರು. ಮದುವೆಯಾದ ಮೇಲೆ ಪಕ್ಕದಲ್ಲಿ ನಾನು, ಮುದುಡಿಕೊಂಡು. "ಎಷ್ಟು ಅಹಂಕಾರ ನೋಡಿ" ಎಂಬ ಪಿಸುಮಾತು ಬೆನ್ನಿಗೆ ತಾಗುತ್ತಿತ್ತು. ಒಂದು ದಿನ ತಡೆಯಲಾರದೆ, "ಅತ್ತೆ, ನಾವೂ ಸ್ವಲ್ಪ ಹಿಂದೆ ಕೂರೋಣ್ವಾ?" ಅಂದೆ.

"ಎಂತಕ್ಕೆ?"

"ಜನ ಏನೇನೋ ಅಂತಾರೆ."

"ಜಗಳ ಆಡಿ ಹಿಂದೆ ಕೂರೋದು ವಿನಯನಾ, ಯಾರಿಗೂ ಬೇಡದ ಜಾಗದಲ್ಲಿ ಕೂರೋದು ವಿನಯನಾ? ಹೇಳು ನೋಡುವ. ನಂಗೆ ಸಿಕ್ಕಿದ್ದು ಯಾರಿಗೂ ಬೇಡದ ಬೆಂಚು ಮಾರಾಯ್ತಿ!"

ಮುಖ್ಯರಸ್ತೆಯಲ್ಲಿ ಶಾಮಿಯಾನ, ಪಾತ್ರೆ, ಮಡಚುವ ಕುರ್ಚಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದ ಸಾಹೇಬರು, ಊರಿಗೆಲ್ಲ ಬಾಯಮ್ಮ ಆಗಿದ್ದ ನಮ್ಮತ್ತೆಯ ಖಾಯಂ ಮೊಟ್ಟೆ ಗಿರಾಕಿ. ಅವರಿಗೆ ಈ ಬೆಂಚಿನ ಸಂಗತಿ ತಿಳಿದು ಬಹಳ ಆಶ್ಚರ್ಯವಾಯಿತು. "ನಮ್ಮಲ್ಲಿ ನಮಾಜಿಗೆ ಮೊದಲ್ನೇ ಸಾಲಿಗೇ ಓಡ್ತಾರೆ ಬಾಯಮ್ಮ, ಅಲ್ಲಿ ಪುಣ್ಯ ಜಾಸ್ತಿ ಅಂತ. ನಿಮ್ಮೋರು ಹಿಂದಕ್ಕೆ ಓಡ್ತಾರಾ?" ಅತ್ತೆ ನಿಟ್ಟುಸಿರು ಬಿಟ್ಟು, "ಇಡೀ ಊರಲ್ಲಿ ನಂಗೆ ಅರ್ಥ ಆಗೋರು ನೀವೊಬ್ರೇ ಸಾಹೇಬ್ರೇ" ಅಂದು ಅವತ್ತು ಒಂದು ಮೊಟ್ಟೆ ಹೆಚ್ಚಿಗೆ ಕೊಟ್ಟು ಬಂದರು.

ಕೊನೆಯ ಬೆಂಚಿನ ಚಕ್ರವರ್ತಿ ಎಂದರೆ ನಮ್ಮ ಗುರ್ಕಾರರು. ಗುರ್ಕಾರ ಅಂದರೆ ಇಗರ್ಜಿಯ ಕೆಲಸಕಾರ್ಯಗಳಿಗೆ ಜನರ ಕಡೆಯಿಂದ ಇರುವ ಮುಖಂಡ. ಒಳ್ಳೆಯ ಮನುಷ್ಯರೇ, ಸುಳ್ಳು ಹೇಳಬಾರದು. ಆದರೆ ಅವರ ವಿನಯ ಮಾತ್ರ ಭಯಂಕರ! ಬೆಂಚಿನ ಮೂಲೆಯ ಜಾಗದಲ್ಲಿ ಬೇರೆ ಯಾರಾದರೂ ಕೂತಿದ್ದರೆ ಅವರ ತಲೆಯ ಮೇಲೆ ನಿಂತು ಉಸ್ಸೆಂದು ಉಸಿರು ಬಿಡುತ್ತಾ ಎಬ್ಬಿಸುತ್ತಿದ್ದರು. ಸಭೆಯಲ್ಲಿ "ಈ ಪಾಪಿಯದೊಂದು ಸಣ್ಣ ಅಭಿಪ್ರಾಯ" ಅಂತ ಶುರು ಮಾಡಿದರೆ, ಆ ಸಣ್ಣ ಅಭಿಪ್ರಾಯವನ್ನು ದಾಟಿ ಊರಲ್ಲಿ ಒಂದು ಕಡ್ಡಿಯೂ ಅಲ್ಲಾಡುವಂತಿರಲಿಲ್ಲ. ಒಂದು ಭಾನುವಾರ ಇಗರ್ಜಿಯ ಅಂಗಳದಲ್ಲಿ ಎಲ್ಲರೆದುರಿಗೆ ಎದೆಯ ಮೇಲೆ ಕೈಯಿಟ್ಟು, "ನಾನು ಮಹಾಪಾಪಿ ಬಾಯಮ್ಮ, ಮಹಾಪಾಪಿ" ಅಂದರು. ಬೇರೆಯವರಾದರೆ "ಛೆ ಛೆ, ನೀವು ಪಾಪಿಯಾದ್ರೆ ನಾವೆಲ್ಲ ಏನು?" ಅನ್ನಬೇಕು. ಅದು ಪದ್ಧತಿ. ನಮ್ಮತ್ತೆ ಸಹಾನುಭೂತಿಯಿಂದ ತಲೆಯಾಡಿಸಿ, "ಹೌದು, ನಾನೂ ಕೇಳಿದ್ದೆ" ಅಂದುಬಿಟ್ಟರು!

ಮಳೆಗಾಲ ಪೂರ್ತಿ ಗುರ್ಕಾರರು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಬೂದಿ ಬುಧವಾರದ ಕಥೆ ಇನ್ನೊಂದು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದ ಮೊದಲ ದಿನ ಫಾದರ್ ಎಲ್ಲರ ಹಣೆಗೆ ಬೂದಿ ಹಚ್ಚಿ, "ಮನುಷ್ಯನೇ, ನೀನು ಮಣ್ಣು, ಮಣ್ಣಿಗೇ ಮರಳುವೆ" ಅನ್ನುತ್ತಾರೆ. ನಾವು ಮಾತಾಡದೆ ಕಣ್ಣು ಕೆಳಗೆ ಮಾಡಿ ಹಿಂದಿರುಗಬೇಕು. ಆ ವರ್ಷ ಹೊಸದಾಗಿ ಬಂದಿದ್ದವರು ಮಂಗಳೂರು ಕಡೆಯ ಹರೆಯದ ಫಾದರ್. ಅತ್ತೆಯ ಹಣೆಗೆ ಬೂದಿ ಹಚ್ಚಿ ಹೇಳಬೇಕಾದ್ದನ್ನು ಹೇಳಿದರು. ಅತ್ತೆ ಕಣ್ಣೆತ್ತಿ, "ಗೊತ್ತು ಫಾದರ್. ಕಲಸಿದ್ದು ಅವನೇ ಅಂತ್ಲೂ ಗೊತ್ತು" ಅಂತ ಉತ್ತರ ಕೊಟ್ಟರು. ಫಾದರ್ ಎಷ್ಟು ಗಲಿಬಿಲಿಗೊಂಡರೆಂದರೆ ಪಕ್ಕದಲ್ಲಿದ್ದ ನನ್ನ ಹಣೆಗೆ ಎರಡು ಸಲ ಬೂದಿ ಹಚ್ಚಿದರು.

ಪಾಪನಿವೇದನೆಗೆ ಹೋದರೂ ಅದೇ ಗತಿ. ಜಾಲರಿಯ ಆಚೆ ಫಾದರ್, ಈಚೆ ಅತ್ತೆ. ಪಿಸುಮಾತು ಎಂಬುದು ಅತ್ತೆಗೆ ಬಾರದ ವಿದ್ಯೆಯಾದ್ದರಿಂದ ಸಾಲಿನಲ್ಲಿ ನಿಂತ ನಮಗೆಲ್ಲ ಕೇಳಿಸುತ್ತಿತ್ತು. ಕೋಪ ಮಾಡಿದ್ದು, ಪಕ್ಕದ ಮನೆಯವರ ಬೆಕ್ಕಿಗೆ ಶಾಪ ಹಾಕಿದ್ದು, ಎಲ್ಲ ಹೇಳಿ ಮುಗಿಸಿದರು. ಫಾದರ್ ಪಾಪಕ್ಷಮೆಯ ಪ್ರಾರ್ಥನೆಗೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, "ನಿಲ್ಲಿ ಫಾದರ್, ಒಳ್ಳೇದೂ ಎರಡು ಮಾಡಿದೀನಿ. ಅದನ್ನೂ ಕೇಳಿ. ಒಂದೇ ಕಡೆಯವ್ರ ಮಾತು ಕೇಳಿ ಕೋರ್ಟಲ್ಲೂ ತೀರ್ಪು ಕೊಡಲ್ಲ" ಅಂದರು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ನಗು ತಡೆಯಲಾರದೆ ಹೊರಗೋಡಿದಳು.

ಇಷ್ಟೆಲ್ಲ ಊರಿಗೆ ನಗುವ ಸಂಗತಿಗಳೇ ಆಗಿದ್ದವು. ಪವಿತ್ರ ಗುರುವಾರ ಬರುವವರೆಗೆ.

ಯೇಸುಸ್ವಾಮಿ ಸಾಯುವ ಹಿಂದಿನ ಸಂಜೆ ತಮ್ಮ ಹನ್ನೆರಡು ಶಿಷ್ಯರ ಕಾಲು ತೊಳೆದರು. ಅದರ ನೆನಪಿಗೆ ಆ ದಿನ ಫಾದರ್ ಸೊಂಟಕ್ಕೆ ಟವೆಲ್ ಕಟ್ಟಿ, ಊರಿನ ಹನ್ನೆರಡು ಜನ ಗಂಡಸರ ಕಾಲು ತೊಳೆಯುತ್ತಾರೆ. ಆಗೆಲ್ಲ ಗಂಡಸರದೇ. ಸಾಹೇಬರ ಅಂಗಡಿಯಿಂದ ಹನ್ನೆರಡು ಕುರ್ಚಿ ತಂದು ಬಲಿಪೀಠದ ಮುಂದೆ ಹಾಕುತ್ತಿದ್ದರು. ಅವುಗಳಲ್ಲಿ ಹನ್ನೊಂದು ಕುರ್ಚಿಗಳಿಗೆ ಎಷ್ಟು ಬೇಡಿಕೆ ಗೊತ್ತೇ? ಕರೆದರೆ ಮೊದಲು "ನಾನು ಯೋಗ್ಯನಲ್ಲ" ಅನ್ನಬೇಕು. ಬೇಡಿಕೊಂಡರೆ "ಬೇರೆ ಯಾರನ್ನಾದ್ರೂ ನೋಡಿ" ಅನ್ನಬೇಕು. ಆಮೇಲೆ ಮನೆಗೆ ಹೋಗಿ ಹೊಸ ಪಂಚೆ ತೆಗೆದಿಡಬೇಕು. ಕರೆಯದೇ ಹೋದರೆ? ಕ್ರಿಸ್ಮಸ್ಸಿನವರೆಗೂ ಮುನಿಸು!

ಹನ್ನೊಂದು ಅಂದೆನಲ್ಲ, ಹನ್ನೆರಡನೆಯದರ ಸಮಾಚಾರವೇ ಬೇರೆ. ಬಾಗಿಲ ಕಡೆಯ ಆ ಕೊನೆಯ ಕುರ್ಚಿಗೆ ಯಾವುದೋ ಕಾಲದ ಹುಡುಗರು ಯೂದನ ಕುರ್ಚಿ ಅಂತ ಹೆಸರಿಟ್ಟುಬಿಟ್ಟಿದ್ದರು. ಗುರುವನ್ನು ಮುತ್ತಿಟ್ಟು ಹಿಡಿದುಕೊಟ್ಟನಲ್ಲ, ಆ ಯೂದ! ಅದರಲ್ಲಿ ಕೂತವನನ್ನು ವರ್ಷಪೂರ್ತಿ ಸಂತೆಯಲ್ಲೂ ಬಸ್ಸಿನಲ್ಲೂ "ಏನ್ ಯೂದ, ಎಲ್ಲಿಗೆ?" ಅಂತ ಮಾತಾಡಿಸುತ್ತಿದ್ದರು. ಕಮ್ಮರಡಿ ಕಡೆಯ ಒಬ್ಬ ಅದರಲ್ಲಿ ಕೂತ ವರ್ಷವೇ ಅವನ ಎಮ್ಮೆ ಸತ್ತಿತು. ಸರಿ, ಎಮ್ಮೆಯ ಸಾವನ್ನೂ ಕುರ್ಚಿಯ ತಲೆಗೆ ಕಟ್ಟಿದರು. ಹಾಗಾಗಿ ವಿಷಯ ಗೊತ್ತಿಲ್ಲದ, ಊರಿಗೆ ಹೊಸಬರಾದ ಯಾರಿಗಾದರೂ ಆ ಗೌರವ ಕೊಡುವುದು ವಾಡಿಕೆಯಾಗಿತ್ತು. ವರ್ಗವಾಗಿ ಬಂದ ಮೇಷ್ಟ್ರು, ಹೊಸ ಪೋಸ್ಟ್‌ಮ್ಯಾನ್, ಹೀಗೆ. ಅವರು ಸಂತೋಷದಿಂದ ಬಂದು ಕೂರುತ್ತಿದ್ದರು, ಪಾಪ.

ಆ ವರ್ಷದ ಹೊಸಬ ಒಬ್ಬ ಬಸ್ ಕಂಡಕ್ಟರ್. ಪೂಜೆಗೆ ಸ್ವಲ್ಪ ಮೊದಲು ಯಾರೋ ಪುಣ್ಯಾತ್ಮರು ಅವನಿಗೆ ಎಮ್ಮೆಯ ಕಥೆ ಹೇಳಿದರು. ಅವನ ಮನೆಯಲ್ಲಿ ಎಮ್ಮೆ ಇರಲಿಲ್ಲ, ಹೆಂಡತಿ ಇದ್ದಳು. ಅವನು ಕೊಪ್ಪದ ಬಸ್ಸು ಹಿಡಿದು ನಾಪತ್ತೆಯಾದ!

ಹನ್ನೊಂದು ಗಂಡಸರು ಕೂತರು. ಫಾದರ್ ಹೂಜಿ, ಬೋಗುಣಿ ಹಿಡಿದು ಒಬ್ಬೊಬ್ಬರ ಮುಂದೆ ಮಂಡಿಯೂರಿದರು. ಎಂಥ ಕಾಲುಗಳು ಅವು! ಮನೆಯಲ್ಲೇ ಲೈಫ್‌ಬಾಯ್ ಹಾಕಿ ತಿಕ್ಕಿ, ಕೊಬ್ಬರಿ ಎಣ್ಣೆ ಹಚ್ಚಿ ಮಿರಿಮಿರಿ ಮಿಂಚಿಸಿ ತಂದದ್ದು. ಗುರ್ಕಾರರಂತೂ ಪೌಡರ್ ಹಾಕಿದ್ದರು. ಒರೆಸಿದ ಮೇಲೆ ಫಾದರ್ ಕೈಯ ಟವೆಲ್ ಘಮಘಮ ಅನ್ನುತ್ತಿತ್ತು. ಹನ್ನೊಂದೂ ಮುಗಿದು ಫಾದರ್ ಹನ್ನೆರಡನೆಯ ಕುರ್ಚಿಯ ಮುಂದೆ ಬಂದು ನಿಂತರು. ಖಾಲಿ.

"ಯಾರಾದ್ರೂ ಒಬ್ರು ಬನ್ನಿ" ಅಂದರು.

ಯಾರೂ ಅಲ್ಲಾಡಲಿಲ್ಲ. "ನಾನು ಯೋಗ್ಯನಲ್ಲ ಫಾದರ್" ಅಂತ ಹಿಂದಿನಿಂದ ಒಂದು ದನಿ. "ನಾನೂ" ಅಂತ ಇನ್ನೊಂದು. ಇಡೀ ಇಗರ್ಜಿ ತುಂಬ ವಿನಯ, ಕುರ್ಚಿ ಮಾತ್ರ ಖಾಲಿ! ಫಾದರ್ ಮುಖ ಸಣ್ಣದಾಯಿತು. ಮತ್ತೊಮ್ಮೆ ಕರೆದರು. ಗಂಡಸರೆಲ್ಲ ನೆಲ ನೋಡುತ್ತಿದ್ದರು.

ನನ್ನ ಪಕ್ಕದಿಂದ ಅತ್ತೆ ಎದ್ದರು. ನಾನು ಸೆರಗು ಹಿಡಿದೆ, ಅವರು ಬಿಡಿಸಿಕೊಂಡರು. ನೇರವಾಗಿ ಹೋಗಿ ಹನ್ನೆರಡನೆಯ ಕುರ್ಚಿಯಲ್ಲಿ ಕೂತು, ಸೀರೆಯನ್ನು ಪಾದದಿಂದ ಒಂದಿಷ್ಟು ಮೇಲೆ ಎತ್ತಿಕೊಂಡರು.

ಗುರ್ಕಾರರು ಕೂತಲ್ಲಿಂದಲೇ ಕೆಮ್ಮಿ, "ಬಾಯಮ್ಮ, ಇದು ಗಂಡಸರ ಜಾಗ. ಅದೂ ಯಾರ ಕುರ್ಚಿ ಅಂತ ಗೊತ್ತಲ್ಲ?" ಅಂದರು.

"ಗೊತ್ತು. ಯೂದಂದು. ಯೇಸುಸ್ವಾಮಿ ಅವನ ಕಾಲನ್ನೂ ತೊಳೆದಿದ್ರು, ಬಿಟ್ಟಿರ್ಲಿಲ್ಲ. ನಾನು ಅವನಿಗಿಂತ ದೊಡ್ಡವಳೇನಲ್ಲ. ಆದ್ರೆ ಅವ್ರು ತೊಳೀತೀನಿ ಅಂತ ನೀರು ಹಿಡ್ಕಂಡು ನಿಂತಾಗ ಬೇಡ ಅನ್ನೋ ಧೈರ್ಯ ನಂಗಿಲ್ಲ ಮಾರಾಯ್ರೇ. ತೊಳೀರಿ ಫಾದರ್."

ಫಾದರ್ ಒಂದು ಗಳಿಗೆ ನಿಂತರು. ಆಮೇಲೆ ಮಂಡಿಯೂರಿದರು. ಅತ್ತೆ ಕೋಳಿಗೂಡು ಗುಡಿಸಿ, ಕೈಯಷ್ಟೇ ತೊಳೆದುಕೊಂಡು ಓಡೋಡಿ ಬಂದವರು. ಹಿಮ್ಮಡಿ ಒಡೆದು ಬಿರುಕಿನಲ್ಲಿ ಮಣ್ಣು ಕೂತಿತ್ತು. ನೀರು ಹಾಕಿದೊಡನೆ ಬೋಗುಣಿಯಲ್ಲಿ ಕೆಂಪು ಕದಡಿತು. ಆ ಸಂಜೆ ತೊಳೆಯಲು ನಿಜಕ್ಕೂ ಅರ್ಹವಾಗಿದ್ದ ಕಾಲು ಅದೊಂದೇ ಜೊತೆ!

ಊರು ಹೊತ್ತಿಕೊಂಡಿತು. ಈಸ್ಟರ್ ಹಬ್ಬದ ಊಟ ಇಳಿಯುವ ಮೊದಲೇ ಸಭೆ. ಹೆಂಗಸು ಶಿಷ್ಯರ ಸಾಲಿನಲ್ಲಿ ಕೂತಳು, ಇಗರ್ಜಿಯ ಮರ್ಯಾದೆ ಹೋಯಿತು, ಮಕ್ಕಳಿಗೆ ಇವಳು ಕಲಿಸುವುದೇನು? "ಈ ಪಾಪಿಯದೊಂದು ಸಣ್ಣ ಅಭಿಪ್ರಾಯ" ಹೊರಬಿತ್ತು: ಬರುವ ಭಾನುವಾರ ಬಾಯಮ್ಮ ಎಲ್ಲರೆದುರು ಮಂಡಿಯೂರಿ ಕ್ಷಮೆ ಕೇಳಬೇಕು. ಇಲ್ಲವಾದರೆ ಉಪದೇಶದ ಕ್ಲಾಸು ಅವರ ಕೈಯಿಂದ ಹೋಗಬೇಕು. ಫಾದರ್ ಏನೋ ಹೇಳಲು ಹೋದರು, ಹರೆಯದವರು, ಇಷ್ಟು ಜನ ಹಿರಿಯರ ಮುಂದೆ ಅವರ ಮಾತು ನಡೆಯಲಿಲ್ಲ. ಕುರ್ಚಿ ವಾಪಸು ಒಯ್ಯಲು ಬಂದಿದ್ದ ಸಾಹೇಬರು ಬಾಗಿಲಲ್ಲಿ ನಿಂತು, "ಕುರ್ಚಿ ನಂದು. ಯಾರು ಕೂತ್ರೂ ನಂದೇನೂ ತಕರಾರಿಲ್ಲ ಸ್ವಾಮಿ" ಅಂದರಂತೆ. ಅವರನ್ನು ಯಾರೂ ಕೇಳಿರಲಿಲ್ಲ.

ಶನಿವಾರ ಮಧ್ಯಾಹ್ನ ಅತ್ತೆ ಹಿತ್ತಲಲ್ಲಿ ಕಾವಿಗೆ ಕೂತ ಕೋಳಿಯ ಕೆಳಗೆ ಕೈ ಹಾಕಿ ಮೊಟ್ಟೆ ಮಗುಚುತ್ತಿದ್ದರು. ನಾನು ಹತ್ತಿರ ಕೂತು ಅತ್ತೇಬಿಟ್ಟೆ. "ಒಂದು ಸಲ ಮಂಡಿಯೂರಿಬಿಡಿ ಅತ್ತೆ. ಏನು ಹೋಗುತ್ತೆ? ಕ್ಲಾಸ್ ಹೋದ್ರೆ ನೀವು ಬದುಕಲ್ಲ."

"ಮಂಡಿಯೂರೋದಕ್ಕೆ ಎಂತ? ಮಂಡಿಗೆ ಅಭ್ಯಾಸ ಇದೆ. ಸುಳ್ಳು ಹೇಳೋಕೆ ಬಾಯಿಗೆ ಅಭ್ಯಾಸ ಇಲ್ಲ ಹುಡುಗಿ."

"ಹಾಗಾದ್ರೆ ಏನು ಮಾಡ್ತೀರಿ?"

"ಇವತ್ತು ಬೆಳಗ್ಗೆ ಕೇಳ್ದೆ. ಸ್ವಾಮಿ, ನಾನು ತಪ್ಪಿದ್ರೆ ತೋರಿಸು, ಇಲ್ದಿದ್ರೆ ಜೊತೆಗೆ ನಿಲ್ಲು ಅಂತ."

"ಏನಂದ್ರು?"

"ಮಾತಾಡ್ಲಿಲ್ಲ. ಅವನೂ ಸಭೆಗೆ ಹೋಗಿದ್ನೋ ಏನೋ" ಅಂದು ಅತ್ತೆ ನಗಲು ನೋಡಿದರು. ಆಗಲೇ ಮಗುಚಿಟ್ಟ ಮೊಟ್ಟೆಯನ್ನೇ ಮತ್ತೆ ಮತ್ತೆ ಮಗುಚುತ್ತಿದ್ದರು. ಅವರಿಗೂ ಭಯವಾಗುತ್ತದೆ ಅಂತ ನನಗೆ ಗೊತ್ತಾದದ್ದು ಅವತ್ತೇ.

ಭಾನುವಾರ ಇಗರ್ಜಿಯಲ್ಲಿ ಕಾಲಿಡಲು ಜಾಗವಿಲ್ಲ. ನೆಮ್ಮಾರಿನಂಥ ದೂರದಿಂದಲೂ ಜನ ಬಂದಿದ್ದರು. ನೋಡುವ ಆಸೆಗೆ ಮುಂದಿನ ಬೆಂಚುಗಳೂ ತುಂಬಿದ್ದವು, ನಮ್ಮ ಊರಿನ ವಿನಯಕ್ಕೆ ಅವತ್ತೊಂದು ದಿನ ರಜೆ! ಪೂಜೆ ಮುಗಿಯುತ್ತಲೇ ಅತ್ತೆ ಬಲಿಪೀಠದ ಮೆಟ್ಟಿಲ ಮುಂದೆ ಹೋಗಿ, ಜನರ ಕಡೆ ತಿರುಗಿ, ಎರಡೂ ಮಂಡಿಯೂರಿದರು. ಗುರ್ಕಾರರ ಮುಖ ಅರಳಿತು.

"ನಾನು ಮುಂಗೋಪಿ. ನಿಮ್ಮಲ್ಲಿ ತುಂಬಾ ಜನಕ್ಕೆ ಬೈದಿದೀನಿ. ಕ್ಷಮಿಸಿ" ಅಂದರು ಅತ್ತೆ. "ಗುರ್ಕಾರರು ತಾವು ಮಹಾಪಾಪಿ ಅಂದಾಗ ಹೌದು ಅಂದೆ. ಅದು ದೊಡ್ಡ ತಪ್ಪು. ಅವರ ಪಾಪ ಎಷ್ಟು ಅಂತ ನಂಗೆ ಸರಿಯಾಗಿ ಗೊತ್ತಿಲ್ಲ. ಗುರ್ಕಾರರೇ, ಕ್ಷಮಿಸಿ."

ಯಾರೋ ಕಿಸಕ್ಕೆಂದರು. ಅತ್ತೆ ನಗಲಿಲ್ಲ. ತಮಾಷೆ ಮಾಡುತ್ತಿಲ್ಲ ಅಂತ ಅವರ ಕಣ್ಣೀರು ನೋಡಿದ ಮೇಲೆ ಎಲ್ಲರಿಗೂ ತಿಳಿಯಿತು. ಬೆಕ್ಕಿಗೆ ಶಾಪ ಹಾಕಿದ್ದಕ್ಕೂ ಪಕ್ಕದ ಮನೆಯವರ ಕ್ಷಮೆ ಕೇಳಿದರು. ಆಮೇಲೆ ಮಂಡಿಯ ಮೇಲಿದ್ದಂತೆಯೇ ತಲೆ ಎತ್ತಿದರು.

"ಕುರ್ಚಿ ಮೇಲೆ ಕೂತದ್ದಕ್ಕೆ ಮಾತ್ರ ಕೇಳಲ್ಲ. ಕರೆದ್ರು, ಜಾಗ ಖಾಲಿ ಇತ್ತು, ಹೋದೆ. ಬರೋ ವರ್ಷವೂ ಖಾಲಿ ಇದ್ರೆ ಮತ್ತೆ ಕೂರ್ತೀನಿ."

ಎದ್ದು ಸೀರೆ ಕೊಡವಿಕೊಂಡು ಹೊರಗೆ ನಡೆದರು. ಕ್ಲಾಸು ಹೋಯಿತು.

ಬರುವ ವರ್ಷದ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಸಮಾಧಾನವಿರದು. ಬಾಯಮ್ಮ ಮತ್ತೆ ಬಂದು ಕೂತಾಳೆಂಬ ಹೆದರಿಕೆಗೆ ಆ ವರ್ಷ ಎಲ್ಲಕ್ಕಿಂತ ಮೊದಲು ಭರ್ತಿಯಾದದ್ದು ಹನ್ನೆರಡನೆಯ ಕುರ್ಚಿ! ಕೂತವರು ಗುರ್ಕಾರರು. ಪೌಡರ್ ಹಾಕಿರಲಿಲ್ಲ. ಆಮೇಲೆ ಆ ಕುರ್ಚಿಯನ್ನು ಯಾರೂ ಯೂದನ ಕುರ್ಚಿ ಅನ್ನಲಿಲ್ಲ, ಏಕೆಂದರೆ ಗುರ್ಕಾರರನ್ನು ಸಂತೆಯಲ್ಲಿ ಹಾಗೆ ಕರೆಯುವ ಗಂಡು ನಮ್ಮ ಊರಲ್ಲಿ ಹುಟ್ಟಿರಲಿಲ್ಲ.

ನಾನು ಹೇಳಬೇಕೆಂದಿದ್ದುದು ಅದಲ್ಲ. ಕ್ಲಾಸು ಹೋದ ಆ ವಾರದ್ದು. ಫಾದರ್ ನಮ್ಮ ಮನೆಗೆ ಬಂದು, ಅತ್ತೆ ಕೊಟ್ಟ ಕಾಫಿ ಹಿಡಿದುಕೊಂಡು, ಅವರ ಮುಖ ನೋಡಲಾರದೆ ನನ್ನ ಕಡೆ ತಿರುಗಿದರು. "ನೀವು ಎಸ್ಸೆಸ್ಸೆಲ್ಸಿ ಪಾಸಾದವರು. ಮಕ್ಕಳ ಕ್ಲಾಸ್ ತಗೊಳ್ತೀರಾ?"

ನನ್ನ ಬಾಯಿಂದ ತಾನಾಗಿ ಬಂತು: "ನಾನು ಯೋಗ್ಯಳಲ್ಲ ಫಾದರ್."

"ಎಂತ?" ಅಂತ ಅತ್ತೆ ಒಳಗಿನಿಂದ ಬಂದರು. "ಗುರ್ಕಾರರ ಕಾಯಿಲೆ ನಿಂಗೂ ಅಂಟ್ತಾ? ಯೋಗ್ಯಳಲ್ಲ ಅಂತ ನಿಂಗೆ ಹೇಳಿದ್ಯಾರು?"

"ಅದು ನಿಮ್ಮ ಕ್ಲಾಸು ಅತ್ತೆ. ನಿಮ್ಮಿಂದ ಕಿತ್ಕೊಂಡದ್ದನ್ನ ನಾನು ಹೇಗೆ ತಗೊಳ್ಳಲಿ?"

ಅತ್ತೆ ಸೆರಗಿನ ತುದಿಯಿಂದ ಮೇಜು ಒರೆಸಿದರು. "ನಂದು ಅಂತ ನಾನೂ ಅಂದ್ಕಂಡಿದ್ದೆ" ಅಂದರು ಆಮೇಲೆ. "ಅದು ಮಕ್ಕಳದ್ದು. ಬರ್ತಾಳೆ ಫಾದರ್. ಕಾಫಿ ಕುಡೀರಿ, ಆರಿ ಹೋಯ್ತು."

ಆ ಭಾನುವಾರ ಪೂಜೆ ಮುಗಿದು ದೊಡ್ಡವರೆಲ್ಲ ಹೊರಗೆ ಹೋದರು. ಮಕ್ಕಳು ಬೆಂಚುಗಳಲ್ಲಿ ಕೂತರು. ನಾನು ಮುಂದೆ ನಿಂತೆ. ಧೈರ್ಯಕ್ಕೆ ಅಭ್ಯಾಸಬಲದಿಂದ ಮೊದಲ ಬೆಂಚಿನ ಕಡೆ ನೋಡಿದೆ. ಅಲ್ಲಿ ಅತ್ತೆ ಇರಲಿಲ್ಲ! ಮನೆಗೆ ಹೋದರೇನೋ ಅಂದುಕೊಂಡೆ. ಹೋಗದೆ ಏನು ಮಾಡಿಯಾರು? ತಮ್ಮದೇ ಕ್ಲಾಸನ್ನು ಇನ್ನೊಬ್ಬಳು ಮಾಡುವುದನ್ನು ಯಾರು ತಾನೇ ನಿಂತು ನೋಡಿಯಾರು? ನಾನು ಕಣ್ಣು ತಗ್ಗಿಸಿ, ನನಗೇ ಕೇಳಿಸದಷ್ಟು ಮೆಲ್ಲಗೆ, "ದೇವರು ನಮ್ಮನ್ನು ಯಾವುದರಿಂದ ಮಾಡಿದರು?" ಅಂದೆ.

ಮಕ್ಕಳು ಸುಮ್ಮನೆ ನನ್ನನ್ನೇ ನೋಡಿದವು.

ಹಿಂದೆ ಎಲ್ಲೋ ಬೆಂಚು ಕಿರ್ರೆಂದಿತು. ತಲೆ ಎತ್ತಿದೆ. ಕೊನೆಯ ಬೆಂಚಿನಲ್ಲಿ, ಆಯುಷ್ಯದಲ್ಲೇ ಒಮ್ಮೆಯೂ ಕೂರದ ಆ ಕೊನೆಯ ಬೆಂಚಿನ ಮೂಲೆಯಲ್ಲಿ, ನನ್ನತ್ತೆ ಕೂತಿದ್ದರು. ಎಲ್ಲ ಮಕ್ಕಳಿಗಿಂತ ಹಿಂದೆ. ನನ್ನ ದನಿ ಅಲ್ಲಿಯವರೆಗೂ ಮುಟ್ಟುತ್ತದೋ ಇಲ್ಲವೋ ನೋಡಲು ಹೋಗಿ ಕೂತಿದ್ದರು. ಮಕ್ಕಳು ಎತ್ತುವಂತೆ ಒಂದು ಕೈ ಮೇಲೆತ್ತಿ ಎದ್ದು ನಿಂತರು.

"ಕೇಳ್ಲಿಲ್ಲ ಟೀಚರ್" ಅಂದರು. "ಸ್ವಲ್ಪ ಜೋರಾಗಿ ಹೇಳಿ."

ಮದುವೆಯಾದಾಗಿನಿಂದ ನಾನು ಅವರಿಗೆ ಹುಡುಗಿ. ಊರೆದುರು ಮಂಡಿಯೂರಿದಾಗಲೂ ಬಗ್ಗದಿದ್ದ ಅತ್ತೆ ಅವತ್ತು ಆ ಪುಟ್ಟ ಮಕ್ಕಳ ಹಿಂದೆ, ನನ್ನ ಮುಂದೆ ಕೈಯೆತ್ತಿ ನಿಂತಿದ್ದರು. ನನಗೆ ಅಳು ಬಂತು. ಅಳುತ್ತಲೇ ಕೇಳಿದೆ, ಈ ಸಲ ಜೋರಾಗಿ. ಮಕ್ಕಳು ತಲೆ ತಗ್ಗಿಸಿ "ಮಣ್ಣಿಂದ" ಅಂದವು. ಹಿಂದಿನ ಬೆಂಚಿನಲ್ಲಿ ಒಂದು ನರೆತ ತಲೆಯೂ ತಗ್ಗಿತು.

"ಆ ಮಣ್ಣು ಕಲಸಿದ್ದು ಯಾರು?"

ಮಕ್ಕಳ ಜೊತೆ ಅತ್ತೆ ಕಿರುಚಿದರು, ನಾನೂ ಕಿರುಚಿದೆ. ಪಾಳಿಯ ಹುಡುಗಿ ಹೊರಗೆ ಓಡಿ, ಮೇಲೆ ನೋಡಿ, ಏದುಸಿರು ಬಿಡುತ್ತಾ ಒಳಗೆ ಬಂದಳು.

"ಒಂದೂ ಇಲ್ಲ ಟೀಚರ್, ಎಲ್ಲಾ ಹಾರಿ ಹೋದ್ವು!"